ಯಾವುದರಲ್ಲಿ ದೊಡ್ಡವನು?

ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ ಮಾಡುವುದು ಮನುಷ್ಯನ ಹಳೆಯ ಚಪಲಗಳಲ್ಲಿ ಒಂದು. ಭಾಗವತರಲ್ಲಿ ಯಾರು ಮೇಲು, ವೇಷಧಾರಿಗಳಲ್ಲಿ ಯಾರು ಮೇಲು, ಫುಟ್ಬಾಲಿನಲ್ಲಿ ಪೆಲೆಯೋ ಮರಡೋನನೋ ಎಂಬ ವಾದಗಳು ನಮ್ಮ ಕಡೆಯ ಚಾದಂಗಡಿಗಳ ಬೆಂಚಿನ ಮೇಲೆ ಎರಡು ಭಾಷೆಗಳಲ್ಲಿಯೂ ನಡೆಯುತ್ತವೆ. ಇಂಥ ವಾದಗಳಿಂದ ಯಾರಿಗೂ ನಷ್ಟವಿಲ್ಲ. ಸೋತವನು ಚಾದ ದುಡ್ಡು ಕೊಟ್ಟು ಎದ್ದು ಹೋಗುತ್ತಾನೆ, ಅಷ್ಟೆ. ಆದರೆ ಪಟ್ಟಿಗೆ ಕೆಲವು ಹೆಸರುಗಳು ಬಂದ ಕೂಡಲೆ ವಾದದ ಸ್ವರವೇ ಬದಲಾಗುವುದುಂಟು. ಅಲ್ಲಿಯವರೆಗೆ ಆಟದ ಮಾತಾಗಿದ್ದದ್ದು ಧರ್ಮಾಧರ್ಮದ ಮಾತಾಗುತ್ತದೆ. ಮುಷ್ಟಿಯುದ್ಧದ ಪಟ್ಟಿಯಲ್ಲಿ ಅಂಥ ಒಂದು ಹೆಸರು ಮೈಕ್ ಟೈಸನ್.

ಒಂದು ಪಕ್ಷದವರು ಹೇಳುತ್ತಾರೆ: ಬಾಕ್ಸಿಂಗಿನ ಲೆಕ್ಕ ಹಗ್ಗದ ಒಳಗಿನದು. ಅಲ್ಲಿ ಅವನು ಏನು ಮಾಡಿದ ಎಂಬುದನ್ನು ನೋಡಿ. ಹೊರಗಿನದನ್ನು ಕೋರ್ಟು ನೋಡಿಕೊಂಡಿದೆ. ಇನ್ನೊಂದು ಪಕ್ಷದವರು ಹೇಳುತ್ತಾರೆ: ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿ ಸೆರೆಮನೆಗೆ ಹೋದವನ ಹೆಸರನ್ನು ಶ್ರೇಷ್ಠರ ಸಾಲಿನಲ್ಲಿ ಬರೆಯುವ ಕೈಗೆ ನಾಚಿಕೆಯಾಗಬೇಕು. ಎರಡೂ ಪಕ್ಷಗಳು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರುವಂತೆ ಕಾಣುತ್ತವೆ. ನಿಜವಾಗಿ ನೋಡಿದರೆ ಪ್ರಶ್ನೆಗಳು ಎರಡು. ಅವುಗಳನ್ನು ಬಿಡಿಸಿ ನೋಡದೆ ಈ ವಾದ ಮುಗಿಯುವಂತಿಲ್ಲ.

ಮೊದಲು ಆಟದ ಲೆಕ್ಕವನ್ನೇ ನೋಡೋಣ. ಟೈಸನ್ ಹುಟ್ಟಿದ್ದು 1966ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಅಲ್ಲಿಯ ಬ್ರೌನ್ಸ್‌ವಿಲ್ ಎಂಬ ಕಡುಬಡವರ ಕೇರಿಯಲ್ಲಿ. ಮನೆಯಲ್ಲಿ ತಂದೆ ಇರಲಿಲ್ಲ. ಸಣ್ಣ ಪ್ರಾಯದಲ್ಲೇ ಕಳ್ಳತನಕ್ಕೂ ಜಗಳಕ್ಕೂ ಇಳಿದ ಹುಡುಗ ಬಾಲಾಪರಾಧಿಗಳ ಶಾಲೆ ಸೇರಿದ. ಅಲ್ಲಿಯ ಒಬ್ಬ ಸಲಹೆಗಾರ, ಹಿಂದೆ ಬಾಕ್ಸರ್ ಆಗಿದ್ದವನು, ಈ ಹುಡುಗನನ್ನು ಕ್ಯಾಟ್ಸ್‌ಕಿಲ್ ಎಂಬ ಊರಿನಲ್ಲಿದ್ದ ಮುದಿ ಗುರು ಕಸ್ ದಮಾಟೊ ಅವರ ಬಳಿಗೆ ಕರೆದೊಯ್ದ. ದಮಾಟೊ ಅವನನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸಿದರು. 1982ರಲ್ಲಿ ತಾಯಿ ಸತ್ತ ಮೇಲೆ ಕಾನೂನಿನ ಪ್ರಕಾರ ಪೋಷಕರೂ ಆದರು. ಶಿಷ್ಯ ವೃತ್ತಿಗೆ ಇಳಿದದ್ದು 1985ರ ಮಾರ್ಚಿನಲ್ಲಿ. ಅದೇ ನವೆಂಬರಿನಲ್ಲಿ ಗುರು ತೀರಿಕೊಂಡರು. ಮುಂದಿನ ವರ್ಷ 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕ್‌ನನ್ನು ಎರಡನೆಯ ಸುತ್ತಿನಲ್ಲೇ ಕೆಡವಿ ಇಪ್ಪತ್ತು ವರ್ಷದ ಟೈಸನ್ ಹೆವಿವೇಯ್ಟ್ ವಿಭಾಗದ ಅತಿ ಕಿರಿಯ ವಿಶ್ವವಿಜೇತನಾದ. 1987ರೊಳಗೆ ಮೂರು ಮುಖ್ಯ ಸಂಸ್ಥೆಗಳ ಪಟ್ಟಗಳೂ ಅವನ ಸೊಂಟದಲ್ಲಿದ್ದವು. 1988ರ ಜೂನಿನಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಮೈಕಲ್ ಸ್ಪಿಂಕ್ಸ್ ಅವನೆದುರು ನಿಂತದ್ದು ಬರೇ 91 ಸೆಕೆಂಡು.

ಹೆವಿವೇಯ್ಟಿನವರ ನಡುವೆ ಐದು ಅಡಿ ಹತ್ತು ಇಂಚಿನ ಆಳು ಗಿಡ್ಡನೇ ಸರಿ. ಆ ಗಿಡ್ಡತನವನ್ನು ದಮಾಟೊ ಬಲವಾಗಿ ತಿರುಗಿಸಿದರು. ಎರಡು ಮುಷ್ಟಿಗಳನ್ನೂ ಕೆನ್ನೆಗೆ ತಾಗಿಸಿ ಹಿಡಿ, ತಲೆಯನ್ನು ಒಂದು ಕ್ಷಣವೂ ಒಂದೇ ಕಡೆ ನಿಲ್ಲಿಸಬೇಡ, ಎದುರಾಳಿಯ ಗುದ್ದಿನ ಕೆಳಗಿನಿಂದ ನುಗ್ಗಿ ಪಕ್ಕೆಗೆ ಒಂದು, ಗಲ್ಲಕ್ಕೆ ಒಂದು ಕೊಡು: ಇದು ಆ ಪಾಠ. ಅಷ್ಟು ಭಾರದ ದೇಹದಲ್ಲಿ ಅಷ್ಟು ವೇಗ ಅಪರೂಪ. ಹೀಗೆ ಸೋಲಿಲ್ಲದೆ 37 ಪಂದ್ಯ ಗೆದ್ದ.

ಇನ್ನೊಂದು ಪುಟವನ್ನೂ ಓದಬೇಕು. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಎಂಬ, ಪಂತ ಕಟ್ಟುವವರು ಲೆಕ್ಕಕ್ಕೇ ಹಿಡಿಯದ ಬಾಕ್ಸರ್ ಹತ್ತನೆಯ ಸುತ್ತಿನಲ್ಲಿ ಅವನನ್ನು ಕೆಡವಿದ. 1996ರ ನವೆಂಬರಿನಲ್ಲಿ ಇವಾಂಡರ್ ಹೋಲಿಫೀಲ್ಡ್ ಸೋಲಿಸಿದ. 1997ರ ಜೂನಿನ ಮರುಪಂದ್ಯದಲ್ಲಿ ಟೈಸನ್ ಹೋಲಿಫೀಲ್ಡನ ಕಿವಿ ಕಚ್ಚಿ ತುಂಡು ಕಿತ್ತ, ಅನರ್ಹನಾದ, ನೆವಾಡ ರಾಜ್ಯದ ಆಯೋಗ ಪರವಾನಗಿ ಕಿತ್ತುಕೊಂಡು ಮೂವತ್ತು ಲಕ್ಷ ಡಾಲರ್ ದಂಡ ಹಾಕಿತು. 2002ರಲ್ಲಿ ಲೆನ್ನಾಕ್ಸ್ ಲೂಯಿಸ್ ಎಂಟನೆಯ ಸುತ್ತಿನಲ್ಲಿ ಅವನನ್ನು ಮಲಗಿಸಿದ. ತನ್ನ ಕಾಲದ ಇಬ್ಬರು ನಿಜವಾದ ಸಮಬಲರ ಎದುರು ಅವನಿಗೆ ಒಂದು ಗೆಲುವೂ ಇಲ್ಲ. ಅದಕ್ಕಿಂತ ಮುಖ್ಯವಾದ ಒಂದು ಮಾತು: ನೆಲಕ್ಕೆ ಬಿದ್ದು, ಎದ್ದು, ಮತ್ತೆ ಗೆದ್ದ ಪಂದ್ಯ ಟೈಸನ್ನನ ಲೆಕ್ಕದಲ್ಲಿ ಒಂದೂ ಇಲ್ಲ. ಮುಹಮ್ಮದಲಿ ಬಿದ್ದು ಎದ್ದು ಗೆದ್ದಿದ್ದಾನೆ, ಲ್ಯಾರಿ ಹೋಮ್ಸ್ ಗೆದ್ದಿದ್ದಾನೆ. ಕೆಡವುವ ಶಕ್ತಿಯಲ್ಲಿ ಟೈಸನ್ನನಿಗೆ ಸಾಟಿಯಾದವರು ಕೆಲವರೇ. ಎದ್ದು ನಿಲ್ಲುವ ಶಕ್ತಿಯಲ್ಲಿ ಅವನಿಗಿಂತ ಮೇಲಿನವರು ಬೇಕಾದಷ್ಟು ಮಂದಿ ಇದ್ದಾರೆ. 2005ರಲ್ಲಿ ನಿವೃತ್ತನಾಗುವಾಗ 50 ಗೆಲುವು, 6 ಸೋಲು. ಗೆಲುವುಗಳಲ್ಲಿ 44 ನಾಕೌಟು. ಇಷ್ಟೂ ತೂಗಿ ನೋಡಿದರೆ, ಮೂರು ನಾಲ್ಕು ವರ್ಷಗಳ ಕಾಲ ಅವನಷ್ಟು ಭೀಕರನಾದ ಹೆವಿವೇಯ್ಟ್ ಇರಲಿಲ್ಲ, ಆದರೆ ಇಡೀ ವೃತ್ತಿಯನ್ನು ತೂಗಿದರೆ ಮೊದಲ ಸಾಲಿನ ನಾಲ್ಕೈದು ಮಂದಿಯಲ್ಲಿ ಅವನನ್ನು ಕೂರಿಸುವುದು ಕಷ್ಟ ಎಂದು ನ್ಯಾಯವಾಗಿ ಹೇಳಬಹುದು. ಇದು ಆಟದ ತೀರ್ಪು. ಇದರಲ್ಲಿ ಯಾರ ಮನಸ್ಸಾಕ್ಷಿಗೂ ಕೆಲಸವಿಲ್ಲ.

ಮನಸ್ಸಾಕ್ಷಿಗೆ ಕೆಲಸ ಬರುವುದು ಇಂಡಿಯಾನಾಪೊಲಿಸ್ ಎಂಬ ಊರಿನಿಂದ. 1991ರ ಜುಲೈಯಲ್ಲಿ ಅಲ್ಲಿ ನಡೆದ ಒಂದು ಸೌಂದರ್ಯ ಸ್ಪರ್ಧೆಗೆ ಬಂದಿದ್ದ ಹದಿನೆಂಟು ವರ್ಷದ ಯುವತಿ ಟೈಸನ್ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ದೂರು ಕೊಟ್ಟಳು. 1992ರ ಫೆಬ್ರವರಿಯಲ್ಲಿ ಜ್ಯೂರಿ ಅವನನ್ನು ಅಪರಾಧಿಯೆಂದು ಹೇಳಿತು. ಆರು ವರ್ಷದ ಸೆರೆಯಾಯಿತು. ಸುಮಾರು ಮೂರು ವರ್ಷ ಕಳೆದು 1995ರ ಮಾರ್ಚಿನಲ್ಲಿ ಹೊರಬಂದ. ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು. ತಾನು ಆ ಅಪರಾಧ ಮಾಡಿಲ್ಲವೆಂದೇ ಅವನು ಹೇಳುತ್ತ ಬಂದಿದ್ದಾನೆ.

ಅಂದಿನಿಂದ ಪತ್ರಿಕೆಗಳು ಅವನಿಗೆ ಅಂಟಿಸಿದ ವಿಶೇಷಣ ‘ವಿವಾದಾಸ್ಪದ’. ಈ ಶಬ್ದವನ್ನು ಸ್ವಲ್ಪ ನಿಲ್ಲಿಸಿ ವಿಚಾರಿಸಬೇಕಾಗಿದೆ. ಯಾಕೆಂದರೆ ಇದು ಬಹಳ ಸೋಮಾರಿಯಾದ ಶಬ್ದ. ಹೆವಿವೇಯ್ಟ್ ಪಟ್ಟದ ಚರಿತ್ರೆಯಲ್ಲಿ ಅಮೆರಿಕದ ನ್ಯಾಯಾಲಯಗಳು ಅಪರಾಧಿಗಳೆಂದು ತೀರ್ಪಿತ್ತ ಮೂವರು ಕರಿಯ ಮಹಾಮಲ್ಲರನ್ನು ತೆಗೆದುಕೊಳ್ಳಿ. ಮೂವರೂ ‘ವಿವಾದಾಸ್ಪದ’ರು.

ಮೊದಲನೆಯವನು ಜ್ಯಾಕ್ ಜಾನ್ಸನ್. 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಯ್ಟ್ ಪಟ್ಟವೇರಿದ ಮೊದಲ ಕರಿಯ. ಬಿಳಿಯರ ಮಾನ ಉಳಿಸಲೆಂದು ನಿವೃತ್ತಿಯಿಂದ ಎಬ್ಬಿಸಿ ತಂದ ಜಿಮ್ ಜೆಫ್ರೀಸನನ್ನು 1910ರ ಜುಲೈ 4ರಂದು ರೀನೋ ಎಂಬಲ್ಲಿ ಸೋಲಿಸಿದಾಗ ಅಮೆರಿಕದ ಅನೇಕ ಊರುಗಳಲ್ಲಿ ಗಲಭೆಯೆದ್ದು ಜನ ಸತ್ತರು. ರಿಂಗಿನಲ್ಲಿ ಸೋಲಿಸಲಾಗದವನನ್ನು ಕಾನೂನಿನಿಂದ ಹಿಡಿದರು. ಬಿಳಿ ಹೆಂಗಸರೊಡನೆ ಅವನಿಗಿದ್ದ ಸಂಬಂಧವನ್ನೇ ಅಪರಾಧ ಮಾಡಿ, ಎಲ್ಲರೂ ಬಿಳಿಯರೇ ಆಗಿದ್ದ ಜ್ಯೂರಿ 1913ರಲ್ಲಿ ಅವನನ್ನು ದೋಷಿಯೆಂದಿತು. ಏಳು ವರ್ಷ ದೇಶಾಂತರ ಅಲೆದು ಮರಳಿ ಸೆರೆ ಅನುಭವಿಸಿದ. ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರಲ್ಲಿ, ಅವನು ಸತ್ತು ಎಪ್ಪತ್ತೆರಡು ವರ್ಷದ ಮೇಲೆ.

ಎರಡನೆಯವನು ಮುಹಮ್ಮದಲಿ. 1980ರಲ್ಲಿ ಮದ್ರಾಸಿಗೂ 1989ರಲ್ಲಿ ಕಲ್ಲಿಕೋಟೆಗೂ ಬಂದು ಹೋದವನಾದ್ದರಿಂದ ನಮ್ಮವರಿಗೆ ಅಪರಿಚಿತನಲ್ಲ. 1967ರಲ್ಲಿ, ವಿಯೆಟ್ನಾಮ್ ಯುದ್ಧದ ಕಾಲದಲ್ಲಿ, ಸೈನ್ಯಕ್ಕೆ ಸೇರಲಾರೆನೆಂದ. ಐದು ವರ್ಷ ಸೆರೆ, ಹತ್ತು ಸಾವಿರ ಡಾಲರ್ ದಂಡ ಎಂದು ತೀರ್ಪಾಯಿತು. ಜಾಮೀನಿನಲ್ಲಿ ಹೊರಗಿದ್ದನಾದರೂ ಪಟ್ಟ ಹೋಯಿತು, ಪರವಾನಗಿ ಹೋಯಿತು. ದೇಹ ಅತ್ಯುತ್ತಮ ಸ್ಥಿತಿಯಲ್ಲಿದ್ದ ಮೂರೂವರೆ ವರ್ಷ ರಿಂಗಿಗೆ ಕಾಲಿಡಲಿಲ್ಲ. 1971ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಮಾಡಿತು. 1967ರಲ್ಲಿ ಅವನನ್ನು ದೇಶದ್ರೋಹಿಯೆಂದು ಬೈದ ದೇಶವೇ 1996ರ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿ ಬೆಳಗಿಸಲು ಅವನ ನಡುಗುವ ಕೈಯನ್ನು ಆರಿಸಿತು.

ಮೂರನೆಯವನು ಟೈಸನ್. ಮೂವರಿಗೂ ಒಂದೇ ವಿಶೇಷಣ ಹಚ್ಚುವುದು ನ್ಯಾಯವೆ? ಜಾನ್ಸನನ ಮೊಕದ್ದಮೆಯಲ್ಲಿ ಗಾಯಗೊಂಡದ್ದು ಒಂದು ಜನಾಂಗದ ದುರಭಿಮಾನ. ಅಲಿಯದರಲ್ಲಿ ಗಾಯಗೊಂಡದ್ದು ಒಂದು ಸರಕಾರದ ಆಜ್ಞೆ. ಟೈಸನ್ನನದರಲ್ಲಿ ಗಾಯಗೊಂಡದ್ದು ಒಬ್ಬ ಮನುಷ್ಯಳ ದೇಹ. ಮೊದಲ ಇಬ್ಬರ ವಿವಾದವನ್ನು ಕಾಲ ಅವರ ಕೀರ್ತಿಗೇ ಸೇರಿಸಿತು. ಇದನ್ನು ತೋರಿಸಿ ಕೆಲವರು, ಕಾಲ ಕಳೆದರೆ ಟೈಸನ್ನನದೂ ಹಾಗೆಯೇ ಆಗುತ್ತದೆ ಎನ್ನುತ್ತಾರೆ. ಅದು ಸರಿಯಲ್ಲ. ಕಾಲ ಅನ್ಯಾಯದ ತೀರ್ಪನ್ನು ತಿದ್ದಬಹುದು. ನಡೆದುಹೋದ ಹಿಂಸೆಯನ್ನು ನಡೆಯದ ಹಾಗೆ ಮಾಡಲಾರದು. ಹಾಗೆಂದು ಅಲಿಯನ್ನು ದೇವರು ಮಾಡಬೇಕಾಗಿಯೂ ಇಲ್ಲ. ನಿಷೇಧದ ದಿನಗಳಲ್ಲಿ ತನಗೆ ನೆರವಾಗಿದ್ದ ಜೋ ಫ್ರೇಜಿಯರನನ್ನು ಅವನು ಗೊರಿಲ್ಲಾ ಎಂದು ಊರೂರು ಹಂಗಿಸಿದ. ಆ ಮಾತಿನ ಗಾಯ ಫ್ರೇಜಿಯರನಲ್ಲಿ ದಶಕಗಳ ಕಾಲ ಮಾಯಲಿಲ್ಲ. ದೊಡ್ಡವರೆನಿಸಿಕೊಂಡವರ ದೋಷಗಳನ್ನು ನಾವು ಎಣಿಸಬೇಕು, ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಸುರಿಯಬಾರದು.

ಇಲ್ಲಿ ಒಂದು ಸಮಾಧಾನ ಹೇಳುವವರಿದ್ದಾರೆ: ಅವನು ಹುಟ್ಟಿದ ಕೇರಿ ಅಂಥದು, ಬೆಳೆದ ರೀತಿ ಅಂಥದು, ಕಾಪಾಡಬೇಕಾದ ಗುರು ಅರ್ಧದಾರಿಯಲ್ಲಿ ಸತ್ತರು. ಈ ಮಾತಿನಲ್ಲಿ ಸತ್ಯವುಂಟು. ಇಪ್ಪತ್ತು ವರ್ಷದ ಹುಡುಗನ ಕೈಗೆ ಪಟ್ಟ, ಕೋಟ್ಯಂತರ ಡಾಲರ್, ಸುತ್ತ ಹೊಗಳುಭಟರು ಬಂದು, ಗದರಿಸಬಲ್ಲ ಒಬ್ಬನೇ ಹಿರಿಯ ಇಲ್ಲವಾದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಇದೇ ಗುರುವಿಗೆ ಇನ್ನೊಬ್ಬ ಶಿಷ್ಯನಿದ್ದ, ಫ್ಲಾಯ್ಡ್ ಪ್ಯಾಟರ್ಸನ್. ಅವನೂ ಬ್ರೂಕ್ಲಿನ್‌ನಲ್ಲೇ ಬೆಳೆದ ಬಡ ಹುಡುಗ. ಅವನೂ ದಾರಿತಪ್ಪಿದ ಹುಡುಗರ ಶಾಲೆಗೆ ಹೋದವನು. ಅವನೂ ದಮಾಟೊ ಕೈಯಲ್ಲಿ ಪಳಗಿ 1956ರಲ್ಲಿ ಅತಿ ಕಿರಿಯ ಹೆವಿವೇಯ್ಟ್ ವಿಜೇತನಾದವನು; ಟೈಸನ್ ಮುರಿದದ್ದು ಅವನದೇ ದಾಖಲೆಯನ್ನು. ಆ ಪ್ಯಾಟರ್ಸನ್ ಸೌಮ್ಯ ಸ್ವಭಾವಕ್ಕೆ ಹೆಸರಾಗಿ ಬಾಳಿ, ಮುಂದೆ ನ್ಯೂಯಾರ್ಕ್ ರಾಜ್ಯದ ಕ್ರೀಡಾ ಆಯೋಗದ ಅಧ್ಯಕ್ಷನೂ ಆದ. ಒಂದೇ ಊರು, ಒಂದೇ ಬಡತನ, ಒಂದೇ ಗುರು, ಒಂದೇ ದಾಖಲೆ. ಬಾಳು ಮಾತ್ರ ಎರಡು. ಪರಿಸ್ಥಿತಿ ಮನುಷ್ಯನನ್ನು ವಿವರಿಸುತ್ತದೆ. ಅವನ ಪರವಾಗಿ ಸಹಿ ಹಾಕುವುದಿಲ್ಲ.

ಈಗ ಮೊದಲ ಪಕ್ಷದವರ ಮುಖ್ಯ ವಾದಕ್ಕೆ ಬರೋಣ: ಹಗ್ಗದ ಒಳಗಿನದು ಬೇರೆ, ಹೊರಗಿನದು ಬೇರೆ. ಬೇರೆ ವೃತ್ತಿಗಳಲ್ಲಿ ಈ ವಾದ ಸ್ವಲ್ಪ ದೂರ ನಡೆದೀತು. ಕೆಟ್ಟ ನಡತೆಯವನೊಬ್ಬ ಗಣಿತದ ಪ್ರಮೇಯ ಸಾಧಿಸಿದರೆ ಪ್ರಮೇಯ ಕೆಡುವುದಿಲ್ಲ. ಮುಷ್ಟಿಯುದ್ಧದಲ್ಲಿ ಆ ಗೋಡೆ ಅಷ್ಟು ಗಟ್ಟಿಯಲ್ಲ. ಬೀದಿಯಲ್ಲಿ ಒಬ್ಬನ ಮುಖಕ್ಕೆ ಗುದ್ದಿದರೆ ಪೊಲೀಸರು ಬರುತ್ತಾರೆ. ಅದೇ ಗುದ್ದು ಹಗ್ಗದ ಒಳಗೆ ಬಿದ್ದರೆ ಚಪ್ಪಾಳೆ ಬೀಳುತ್ತದೆ. ಗುದ್ದು ಒಂದೇ, ಮುರಿಯುವ ಮೂಗಿನ ಎಲುಬೂ ಒಂದೇ. ವ್ಯತ್ಯಾಸ ಎಲ್ಲಿದೆ? ಗ್ಲೋವ್ಸಿನಲ್ಲಿ, ಗಂಟೆಯಲ್ಲಿ, ರೆಫರಿಯಲ್ಲಿ ಇದೆ ಎನ್ನಬಹುದು. ಅವೆಲ್ಲ ಹೊರಗಿನ ಗುರುತುಗಳು. ಒಳಗಿನ ಕಾರಣ ಒಂದೇ: ಎದುರಿಗೆ ನಿಂತವನು ಒಪ್ಪಿ ಬಂದಿದ್ದಾನೆ. ಆ ಒಪ್ಪಿಗೆ ಇರುವುದರಿಂದ ಹಿಂಸೆ ಆಟವಾಗಿದೆ. ಅದನ್ನು ತೆಗೆದುಬಿಟ್ಟರೆ ಬಾಕ್ಸಿಂಗಿನಲ್ಲಿ ಉಳಿಯುವುದು ಹಲ್ಲೆ ಮಾತ್ರ.

ಒಪ್ಪಿಗೆಯನ್ನು ಮರಳಿ ಪಡೆಯುವ ಹಕ್ಕನ್ನೂ ಈ ಆಟ ಮಾನ್ಯ ಮಾಡಿದೆ. ಸೋಲುತ್ತಿರುವವನ ಕಡೆಯವರು ಟವೆಲು ಎಸೆಯಬಹುದು. ಅವನೇ ಸ್ಟೂಲಿನಿಂದ ಏಳದೆ ಕೂರಬಹುದು. 1980ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಶುಗರ್ ರೇ ಲಿಯೊನಾರ್ಡನ ಎದುರು ಕಾದುತ್ತಿದ್ದ ಪನಾಮಾದ ರಾಬರ್ಟೊ ಡ್ಯುರಾನ್, ಕಲ್ಲಿನ ಕೈಗಳವನೆಂದು ಹೆಸರಾದವನು, ಎಂಟನೆಯ ಸುತ್ತಿನ ನಡುವೆ ಕೈಬೀಸಿ ಬೆನ್ನು ತಿರುಗಿಸಿದ. ಜಗತ್ತು ನಕ್ಕಿತು. ಆದರೂ ರೆಫರಿ ಪಂದ್ಯ ನಿಲ್ಲಿಸಲೇಬೇಕಾಯಿತು. ಸಾಕು ಎಂದ ಮೇಲೆ ಹೊಡೆಯುವ ಹಕ್ಕು ಲಿಯೊನಾರ್ಡನಿಗೂ ಇಲ್ಲ, ಟಿಕೆಟಿಗೆ ದುಡ್ಡು ಕೊಟ್ಟು ಬಂದವರಿಗೂ ಇಲ್ಲ.

ಹೀಗಿರುವಾಗ ಇಂಡಿಯಾನಾಪೊಲಿಸಿನಲ್ಲಿ ನಡೆದದ್ದು ಹಗ್ಗದ ಹೊರಗಿನದು, ಬಾಕ್ಸಿಂಗಿಗೆ ಸಂಬಂಧಪಡದ್ದು ಎಂದು ಹೇಗೆ ಹೇಳುವುದು? ಇನ್ನೊಬ್ಬರ ಒಪ್ಪಿಗೆಯ ಮೇಲೆ ನಿಂತ ವೃತ್ತಿಯಿಂದ ಅನ್ನ ತಿಂದವನು, ಒಪ್ಪಿಗೆ ಕೊಡದ ಒಂದು ದೇಹದ ಮೇಲೆ ಬಲ ತೋರಿಸಿದನೆಂಬುದೇ ಆ ತೀರ್ಪು. ತನ್ನ ವೃತ್ತಿಯನ್ನು ಅಪರಾಧದಿಂದ ಬೇರೆಮಾಡುವ ಒಂದೇ ಒಂದು ಗೆರೆಯನ್ನು ಅವನು ದಾಟಿದ. ಕಿವಿ ಕಚ್ಚಿದ್ದೂ ಅದೇ ಜಾತಿಯದು: ಎದುರಾಳಿ ಗುದ್ದಿಗೆ ಒಪ್ಪಿದ್ದ, ಹಲ್ಲಿಗೆ ಒಪ್ಪಿರಲಿಲ್ಲ. ಆದ್ದರಿಂದ ‘ಆಟಗಾರನ ಖಾಸಗಿ ಬದುಕು ನಮಗೇಕೆ’ ಎಂಬ ಮಾತು ಟೈಸನ್ನನ ವಿಷಯದಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಪಟ್ಟಿಯಿಂದ ಹೆಸರನ್ನು ಹೊಡೆದುಹಾಕಬೇಕೆ? ಇಲ್ಲಿ ಎರಡನೆಯ ಪಕ್ಷದವರ ಜೊತೆಗೂ ಪೂರ್ತಿ ಹೋಗಲಾಗುವುದಿಲ್ಲ. ಸ್ಪಿಂಕ್ಸ್ 91 ಸೆಕೆಂಡಿನಲ್ಲಿ ಬಿದ್ದದ್ದು ನಡೆದ ಸಂಗತಿ. ನಡೆದದ್ದನ್ನು ನಡೆಯಲಿಲ್ಲವೆನ್ನುವುದು ಸುಳ್ಳು. ಸುಳ್ಳಿನಿಂದ ಧರ್ಮವನ್ನು ಕಾಪಾಡಹೊರಟರೆ ಧರ್ಮ ಇನ್ನಷ್ಟು ಬಡವಾಗುತ್ತದೆ. ಕಟ್ಟಹೊರಟಿರುವುದು ಸತ್ಪುರುಷರ ಪಟ್ಟಿಯಲ್ಲ, ಮುಷ್ಟಿಪಟುಗಳ ಪಟ್ಟಿ. ಅದರಲ್ಲಿ ಅವನಿಗೆ ಸಲ್ಲಬೇಕಾದ ಜಾಗ ಸಲ್ಲಬೇಕು.

ಗಂಟು ಬಿದ್ದಿರುವುದು ಇಂಗ್ಲಿಷಿನ ‘ಗ್ರೇಟ್’ ಎಂಬ ಒಂದು ಶಬ್ದದಲ್ಲಿ. ಅದು ಸಾಮರ್ಥ್ಯವನ್ನೂ ಯೋಗ್ಯತೆಯನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ನಮ್ಮ ಎರಡು ಭಾಷೆಗಳು ಹಾಗೆ ಮಾಡುವುದಿಲ್ಲ. ಮಲಯಾಳದಲ್ಲಿ ‘ಕೇಮನ್’ ಬೇರೆ, ‘ಮಹಾನ್’ ಬೇರೆ. ಕನ್ನಡದಲ್ಲಿ ‘ಗಟ್ಟಿಗ’ ಬೇರೆ, ‘ದೊಡ್ಡ ಮನುಷ್ಯ’ ಬೇರೆ. ಗೋಡೆಗೆ ಕನ್ನ ಕೊರೆದವನನ್ನೂ ‘ಭಾರೀ ಗಟ್ಟಿಗ’ ಎಂದು ನಾವು ಹೇಳುತ್ತೇವೆ. ಹಾಗೆಂದು ಅವನ ಕಾಲಿಗೆ ಬೀಳುವುದಿಲ್ಲ. ಟೈಸನ್ ಕೇಮನೇ ಸರಿ. ಈ ಕಾರಣದಿಂದ ಮಹಾನ್ ಆಗುವುದಿಲ್ಲ.

ಈ ವಿವೇಕ ನಮ್ಮ ಕಾವ್ಯಪರಂಪರೆಗೆ ಸಾವಿರ ವರ್ಷಗಳಿಂದ ಗೊತ್ತು. ಪಂಪ ತನ್ನ ಭಾರತದ ಕೊನೆಗೆ ವೀರರನ್ನು ನೆನೆಯುವಾಗ ಕೌರವನನ್ನು ಬಿಡುವುದಿಲ್ಲ, ಛಲಕ್ಕಾಗಿ ನೆನೆಯುತ್ತಾನೆ. ಕರ್ಣನನ್ನು ನನ್ನಿಗೆ, ಶಲ್ಯನನ್ನು ಬಲಕ್ಕೆ, ದ್ರೋಣನನ್ನು ಬಿಲ್ವಿದ್ಯೆಗೆ. ಒಬ್ಬೊಬ್ಬನಿಗೂ ಒಂದೊಂದು ಗುಣ. ಹೊಗಳಿಕೆಗೆ ಅವನು ಬಳಸುವುದು ಏಳನೆಯ ವಿಭಕ್ತಿಯನ್ನು: ಇಂಥದ್ದರಲ್ಲಿ ಇಂಥವನು. ಈ ವಿಭಕ್ತಿ ಬಹಳ ಪ್ರಾಮಾಣಿಕವಾದದ್ದು. ಅದು ಸಲ್ಲಬೇಕಾದದ್ದನ್ನು ಕೊಡುತ್ತದೆ, ಸಲ್ಲದ್ದನ್ನು ಕೊಡುವುದಿಲ್ಲ. ‘ಅವನು ದೊಡ್ಡವನು’ ಎಂದು ಯಾರಾದರೂ ಹೇಳಿದಾಗ ‘ಯಾವುದರಲ್ಲಿ?’ ಎಂದು ಕೇಳುವುದನ್ನು ಅದು ಕಲಿಸುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ತಾಳಮದ್ದಳೆಯ ಕೌರವ ಇರುಳಿಡೀ ವಾದಿಸಿ ನಮ್ಮನ್ನು ತಲೆದೂಗಿಸಬಲ್ಲ. ಬೆಳಗ್ಗೆ ಮನೆಗೆ ಹೋಗುವಾಗ ಮಾತ್ರ ಯಾರೂ ದ್ರೌಪದಿಯ ಸೀರೆ ಸೆಳೆಸಿದ್ದು ಸರಿಯೆಂದು ಹೇಳುವುದಿಲ್ಲ.

ಆದರೆ ಆಧುನಿಕ ಕಾಲದ ಕೀರ್ತಿಗೆ ಈ ವಿಭಕ್ತಿ ಗೊತ್ತಿಲ್ಲ. ಅದು ಒಂದರಲ್ಲಿ ಗಳಿಸಿದ್ದನ್ನು ಎಲ್ಲದಕ್ಕೂ ಖರ್ಚು ಮಾಡುತ್ತದೆ. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟ ಎಂಬ ಊರಿನಲ್ಲಿ ಅಂತಾರಾಷ್ಟ್ರೀಯ ಬಾಕ್ಸಿಂಗಿನ ಕೀರ್ತಿಮಂದಿರವಿದೆ. 1990ರಲ್ಲಿ ಅಲ್ಲಿ ಮೊದಲ ತಂಡದ ಹೆಸರುಗಳನ್ನು ಸೇರಿಸಿದಾಗ ಅವುಗಳಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೋನನದೂ ಒಂದು. ಮಿಡಲ್‌ವೇಯ್ಟ್ ಪಟ್ಟವನ್ನು ಹದಿನಾಲ್ಕು ಸಲ ಉಳಿಸಿಕೊಂಡ ಅದ್ಭುತ ಮಲ್ಲ. ಆ ಹೊತ್ತಿಗೆ ಅವನು ತನ್ನ ಮಗುವಿನ ತಾಯಿ ಅಲಿಸಿಯಾ ಮುನೀಸಳನ್ನು 1988ರಲ್ಲಿ ಕೊಂದ ಅಪರಾಧಕ್ಕೆ ಸೆರೆಯಲ್ಲಿದ್ದ. 2011ರಲ್ಲಿ ಅದೇ ಮಂದಿರಕ್ಕೆ ಟೈಸನ್ ಸೇರಿದ. ಮಂದಿರದವರು ಆಟವನ್ನಷ್ಟೇ ನೋಡಿದೆವು ಎನ್ನಬಹುದು. ಅದು ಸಮರ್ಥನೀಯವೂ ಹೌದು. ಆದರೆ ಕೀರ್ತಿ ಅಲ್ಲಿಗೆ ನಿಲ್ಲುವುದಿಲ್ಲ. 2009ರಲ್ಲಿ ಹಾಲಿವುಡ್ಡಿನ ಒಂದು ಹಾಸ್ಯಚಿತ್ರದಲ್ಲಿ ಟೈಸನ್ ತನ್ನದೇ ಪಾತ್ರದಲ್ಲಿ ಬಂದು ಜನರನ್ನು ನಗಿಸಿದ. 2022ರಲ್ಲಿ ತೆಲುಗು-ಹಿಂದಿಯ ‘ಲೈಗರ್’ ಚಿತ್ರಕ್ಕೂ ಅವನನ್ನು ಕರೆತಂದರು. 2024ರ ನವೆಂಬರಿನಲ್ಲಿ ಐವತ್ತೆಂಟನೆಯ ಪ್ರಾಯದಲ್ಲಿ ಜೇಕ್ ಪಾಲ್ ಎಂಬ ಯುವಕನೊಡನೆ ರಿಂಗಿಗಿಳಿದು ಸೋತದ್ದನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ಮನೆಯಲ್ಲಿ ಕೂತು ನೋಡಿ, ‘ಪಾಪ, ಮುದುಕ’ ಎಂದರು. ಒಂದು ಕಾಲದ ಭಯಂಕರ ಈಗ ಎಲ್ಲರ ಪ್ರೀತಿಯ ಮಾವನಾಗಿದ್ದಾನೆ.

ಶಿಕ್ಷೆ ಅನುಭವಿಸಿದವನು ಮತ್ತೆ ಬದುಕಬಾರದೆ ಎಂದು ಕೇಳಬಹುದು. ಬದುಕಬೇಕು. ಸೆರೆಯ ಅವಧಿ ಮುಗಿದ ಮೇಲೆ ದುಡಿಯುವ, ಊರಲ್ಲಿ ತಲೆಯೆತ್ತಿ ನಡೆಯುವ, ಬದಲಾಗುವ ಹಕ್ಕು ಎಲ್ಲರಿಗೂ ಉಂಟು. ತನ್ನ ಹಳೆಯ ಹುಚ್ಚಾಟಗಳ ಬಗ್ಗೆ ಟೈಸನ್ ಬಿಚ್ಚುಮನಸ್ಸಿನಿಂದ ಮಾತಾಡಿದ್ದೂ ಉಂಟು. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಶಿಕ್ಷೆ ಮುಗಿದಾಗ ಮರಳಿ ಬರುವುದು ನಾಗರಿಕನ ಹಕ್ಕು, ಗೌರವವಲ್ಲ. ಹಕ್ಕನ್ನು ಕಾನೂನು ಕೊಡುತ್ತದೆ. ಗೌರವವನ್ನು ಕೊಡುವುದು ನಾವು. ಕೊಡುವಾಗ ಯಾರ ಲೆಕ್ಕದಿಂದ ತೆಗೆದು ಕೊಡುತ್ತಿದ್ದೇವೆಂದು ನೋಡಬೇಡವೆ? ಕ್ಷಮಿಸುವ ಅಧಿಕಾರ ಗಾಯಗೊಂಡವರದು. ನಾವು ಗ್ಯಾಲರಿಯಲ್ಲಿ ಕೂತವರು ಆ ಅಧಿಕಾರವನ್ನು ಎತ್ತಿಕೊಂಡು ಉದಾರಿಗಳಾದರೆ ಅದು ಪರರ ದುಡ್ಡಿನ ದಾನ.

ಈ ಚರ್ಚೆಗೆ ಮಹಾಭಾರತದ ಸ್ವರ್ಗಾರೋಹಣ ಪರ್ವದಷ್ಟು ಚೆನ್ನಾಗಿ ಹೊಂದುವ ಕಥೆ ಇನ್ನೊಂದಿಲ್ಲ. ಧರ್ಮರಾಯ ಸ್ವರ್ಗಕ್ಕೆ ಕಾಲಿಟ್ಟಾಗ ಮೊದಲು ಕಾಣುವುದು ದುರ್ಯೋಧನನನ್ನು, ದೇವತೆಗಳ ನಡುವೆ, ಸೂರ್ಯನಂತೆ ಹೊಳೆಯುತ್ತ ಕೂತವನನ್ನು. ಧರ್ಮರಾಯನಿಗೆ ಸಹಿಸಲಾಗುವುದಿಲ್ಲ. ನಾರದ ಸಮಾಧಾನ ಹೇಳುತ್ತಾನೆ: ಅವನು ಕ್ಷತ್ರಿಯಧರ್ಮದಂತೆ ಕಾದಿ ರಣದಲ್ಲಿ ದೇಹ ಬಿಟ್ಟ, ಅದಕ್ಕೆ ಈ ಲೋಕ ಸಿಕ್ಕಿತು, ಇಲ್ಲಿ ಹಳೆಯ ವೈರ ನೆನೆಯಬಾರದು. ಇದು ನಮ್ಮ ಮೊದಲ ಪಕ್ಷದವರ ವಾದವೇ: ಕಣದಲ್ಲಿ ಚೆನ್ನಾಗಿ ಹೋರಾಡಿದ, ಜಾಗ ಕೊಡಿ. ಧರ್ಮರಾಯನ ಉತ್ತರವನ್ನು ಗಮನಿಸಬೇಕು. ದುರ್ಯೋಧನನನ್ನು ಕೆಳಗೆ ತಳ್ಳಿ ಎಂದು ಅವನು ಹಟ ಹಿಡಿಯುವುದಿಲ್ಲ. ‘ನನ್ನವರು ಎಲ್ಲಿದ್ದಾರೆ?’ ಎಂದು ಕೇಳುತ್ತಾನೆ. ದೂತನ ಹಿಂದೆ ಕತ್ತಲೆಯ, ದುರ್ನಾತದ ದಾರಿಯಲ್ಲಿ ನಡೆಯುತ್ತಾನೆ. ಅಲ್ಲಿ ನರಳುವ ಸ್ವರಗಳು ಕೇಳುತ್ತವೆ; ಅವುಗಳಲ್ಲಿ ತಮ್ಮಂದಿರ ಸ್ವರವಿದೆ, ಕರ್ಣನ ಸ್ವರವಿದೆ, ದ್ರೌಪದಿಯ ಸ್ವರವೂ ಇದೆ. ತಾನು ಸ್ವರ್ಗಕ್ಕೆ ಮರಳುವುದಿಲ್ಲ, ಇವರ ಜೊತೆಗೇ ಇರುತ್ತೇನೆ ಎನ್ನುತ್ತಾನೆ. ಅದು ಮಾಯೆ, ಪರೀಕ್ಷೆ ಎಂದು ಆಮೇಲೆ ತಿಳಿಯುತ್ತದೆ. ಮಾಯೆಯಾದರೇನು, ಅವನು ಕೇಳಿದ ಪ್ರಶ್ನೆ ಮಾಯೆಯಲ್ಲ.

ನಮ್ಮ ಮನೆಗಳಲ್ಲಿ ಆಟ ನೋಡುವ ಮಕ್ಕಳಿದ್ದಾರೆ. ಟೈಸನ್ನನ ಹಳೆಯ ಪಂದ್ಯಗಳನ್ನು ಕೈಯಂಗೈಯ ಫೋನಿನಲ್ಲಿ ನೋಡಿ ಬಾಯಿಬಿಡುತ್ತಾರೆ. ನೋಡಲಿ. ಆ ಭುಜಗಳ ತಿರುವು, ಆ ಹೆಜ್ಜೆಯ ಚುರುಕು ನೋಡುವಂಥದೇ. ಸಾರ್ವಕಾಲಿಕ ಶ್ರೇಷ್ಠರಲ್ಲಿ ಅವನ ಜಾಗ ಎಷ್ಟನೆಯದೆಂದು ಅವರು ಜಗಳವಾಡಿಕೊಳ್ಳಲಿ. ಹತ್ತನೆಯದೆಂದು ಒಬ್ಬ, ಹದಿನೈದನೆಯದೆಂದು ಇನ್ನೊಬ್ಬ. ಅಂಕಿ ಯಾವುದಾದರೂ ಪ್ರಪಂಚ ಮುಳುಗುವುದಿಲ್ಲ. ದಾಖಲೆಯ ಪುಸ್ತಕದಲ್ಲಿ ಒಂದು ಪುಟ ಹರಿದುಹಾಕುವುದೂ ಬೇಡ, ಇನ್ನೊಂದು ಪುಟ ಅಂಟಿಸಿ ಮುಚ್ಚುವುದೂ ಬೇಡ. 1986ನ್ನು ಹೇಳಿದವರು 1992ನ್ನೂ ಹೇಳಬೇಕು, ಅಷ್ಟೆ. ಪಟ್ಟಿ ಓದಿ ಮುಗಿಸಿದಾಗ, ಹೊಳೆಯುವ ಪೀಠಗಳ ಮೇಲೆ ಯಾರು ಯಾರು ಕೂತಿದ್ದಾರೆಂದು ಎಣಿಸಿದ ಮೇಲೆ, ಆ ಸ್ಪರ್ಧೆಗೆ ಕನಸು ಕಟ್ಟಿಕೊಂಡು ಬಂದಿದ್ದ ಹದಿನೆಂಟು ವರ್ಷದ ಹುಡುಗಿ ಎಲ್ಲಿದ್ದಾಳೆ ಎಂದು ಕೇಳುವ ಒಂದು ಮಗು ಪ್ರತಿ ಮನೆಯಲ್ಲೂ ಇರಲಿ.